ಹರಿಪುರದ ಹಗೇವುಗಳು

ಜುಲೈ ೩, ಗುರುವಾರ

ಮಧ್ಯಾಹ್ನ ಮತ್ತೆ ನಿದ್ದೆ ಹತ್ತಿತು. ಆಫೀಸಿನ ಕುರ್ಚಿಯಲ್ಲೇ ಮಲಗುವ ಸಿ.ಎ. ಇಡೀ ಮಿರಜಿನಲ್ಲಿ ನಾನೊಬ್ಬಳೇ ಇರಬೇಕು. ತಪ್ಪು ನನ್ನದಲ್ಲ, ಕೆಳಗಿನ ಅಂಗಡಿಯವರದು. ಅವರು ತಂಬೂರಿ ಮಾಡುತ್ತಾರೆ, ಮಾಡಿದ ಮೇಲೆ ಶ್ರುತಿ ಕೂಡಿಸುತ್ತಾರೆ. ಅದೇ ಒಂದು ಸ್ವರ ನೆಲದಿಂದ ಎದ್ದು ಕುರ್ಚಿಯ ಕಾಲುಗಳಲ್ಲಿ ಸೇರಿಕೊಳ್ಳುತ್ತದೆ. ಹೊರಗೆ ಜಿಟಿಜಿಟಿ ಮಳೆ ಬೇರೆ. ಕಣ್ಣು ತೆರೆದಿಟ್ಟುಕೊಳ್ಳುವುದು ಯಾರಿಂದಾದೀತು.

ಎಚ್ಚರವಾದಾಗ ಎದುರಿಗೆ ಬಸವಪ್ರಸಾದ ಕಾಕಾ ಕೂತಿದ್ದರು. ಎಷ್ಟು ಹೊತ್ತಿನಿಂದ ಕೂತಿದ್ದರೋ, ಎಬ್ಬಿಸಿರಲಿಲ್ಲ. ಅಪ್ಪನ ಗೆಳೆಯರು, ಅರಿಶಿನದ ವ್ಯಾಪಾರಿ. ಅಪ್ಪ ತೀರಿಕೊಂಡ ಮೇಲೂ ನಮ್ಮ ಮನೆಗೆ ಬರುವುದನ್ನು ಬಿಡದವರು ಅವರೊಬ್ಬರೇ. ನಾನು ಪರೀಕ್ಷೆಯಲ್ಲಿ ಮೇಲಿಂದ ಮೇಲೆ ಡುಮ್ಕಿ ಹೊಡೆಯುತ್ತಿದ್ದಾಗ ಊರೆಲ್ಲ "ಪಾಸಾತೇನು?" ಎಂದು ಪ್ರಾಣ ತಿನ್ನುತ್ತಿತ್ತು. ಕಾಕಾ ಏನನ್ನೂ ಕೇಳದೆ ಖಾರ ಚುರುಮುರಿಯ, ಭಡಂಗದ ಪೊಟ್ಟಣ ಕೈಗಿಟ್ಟು ಹೋಗುತ್ತಿದ್ದರು.

"ನಮ್ಮ ಕಂಪನಿ ಆಡಿಟ್ ನೀನ ಮಾಡವಾ," ಎಂದರು. "ನೇಮಿನಾಥ ಸಾಹೇಬ್ರು ತಬ್ಯೇತ್ ಬರೋಬರ್ ಇಲ್ಲಂತ ನಡುವ ಬಿಟ್ರು. ಸಪ್ಟಂಬರ್‌ದಾಗ ಸಹಿ ಆಗಬೇಕು. ಸಾಲ ಹೆಚ್ಚ ಮಾಡಾಕ ಬ್ಯಾಂಕಿನವ್ರು ಅದನ್ನ ಕಾಯಾಕತ್ಯಾರ."

ಇಲ್ಲಿಯವರೆಗೆ ಕಿರಾಣಿ ಅಂಗಡಿಗಳ ತೆರಿಗೆ ಪತ್ರ ತುಂಬಿದವಳು ನಾನು. ಎರಡನೇ ಮಾತಿಲ್ಲದೆ ಹೂಂ ಎಂದೆ.

ಜುಲೈ ೧೨, ಶನಿವಾರ

ಹಳೆಯ ಆಡಿಟರ್ ಬಿಟ್ಟ ಕೆಲಸವನ್ನು ಹೊಸಬರು ಹಿಡಿಯುವ ಮುನ್ನ "ನಿಮ್ಮ ಆಕ್ಷೇಪವೇನಾದರೂ ಇದೆಯೇ" ಎಂದು ಕೇಳಬೇಕು. ಅದು ನಮ್ಮ ವೃತ್ತಿಯ ಕಟ್ಟಳೆ. ಪತ್ರ ಹಾಕಿದರೂ ನಡೆಯುತ್ತಿತ್ತು. ಆದರೆ ನೇಮಿನಾಥ ಸರ್ ನನಗೆ ಕೆಲಸ ಕಲಿಸಿದವರು, ಹಾಗಾಗಿ ಸಾಂಗಲಿಗೆ ಖುದ್ದಾಗಿ ಹೋದೆ.

ಹಾಸಿಗೆ ಹಿಡಿದಿರಬಹುದೆಂದು ಮೋಸಂಬಿ ಕಟ್ಟಿಸಿಕೊಂಡು ಹೋಗಿದ್ದೆ. ಅವರು ಅಂಗಳದ ಬಾವಿಯಿಂದ ನೀರು ಸೇದಿ, ಎರಡೂ ಕೈಯಲ್ಲಿ ಕೊಡ ಹಿಡಿದು ಮೆಟ್ಟಿಲು ಹತ್ತುತ್ತಿದ್ದರು. ಹಿಂದೆ ಏದುಸಿರು ಬಿಡುತ್ತ ಹತ್ತಿದವಳು ನಾನು. ಚಾತುರ್ಮಾಸ ಹಿಡಿದಿದ್ದಾರೆ, ಹೊತ್ತು ಮುಳುಗುವುದರೊಳಗೆ ಊಟ ಮುಗಿಯಬೇಕು, ಹಾಗಾಗಿ ಮಾತಿಗೂ ಅವಸರ.

"ಸರ್, ತಬ್ಯೇತ್ ಹೆಂಗೈತ್ರಿ?"

"ನೋಡಾಕತ್ತೀಯಲ್ಲ."

"ಮತ್ತ ಯಾಕ ಬಿಟ್ರಿ?"

ಅವರು ಮೋಸಂಬಿಯ ಸಿಪ್ಪೆ ಬಿಡಿಸುವುದರಲ್ಲೇ ಇದ್ದರು. "ಆಕ್ಷೇಪ ಇಲ್ಲಂತ ಬರದ ಕೊಡ್ತೇನಿ. ಬಾಳ ವರ್ಷದ ಸಂಬಂಧ ಐತಿ, ನನ್ನ ಬಾಯಿಲೆ ಏನೂ ಹೊರಡಸಬ್ಯಾಡ." ಆಮೇಲೆ ತಾವಾಗಿಯೇ ಹೇಳಿದರು, "ಲಾಭ ನೋಡಿ ಖುಷಿ ಆಗಬ್ಯಾಡ. ರೊಕ್ಕ ಎಲ್ಲಿ ಹೋತು, ಅದನ್ನ ಹುಡುಕು."

ಹೇಳಬೇಕಾದ್ದನ್ನು ನೆಟ್ಟಗೆ ಹೇಳದೆ ಒಗಟು ಹಾಕುವ ಮುದುಕರನ್ನು ಕಂಡರೆ ನನಗೆ ಮೈ ಉರಿಯುತ್ತದೆ.

ಜುಲೈ ೧೯, ಶನಿವಾರ

ಮೂರು ವರ್ಷದ ಲೆಕ್ಕ ಹರವಿಕೊಂಡು ಕೂತೆ. ನಿದ್ದೆ ಹತ್ತಿರ ಸುಳಿಯಲಿಲ್ಲ.

ಮಾರಾಟ ಸ್ವಲ್ಪವೇ ಏರಿದೆ, ಲಾಭ ಮಾತ್ರ ಎರಡು ಪಟ್ಟಾಗಿದೆ. ದಾಸ್ತಾನು ಮೂರು ಪಟ್ಟಾಗಿದೆ. ಅಷ್ಟು ಮಾರುವವರು ಇಷ್ಟೊಂದು ಯಾಕೆ ಕೂಡಿಟ್ಟರು? ಲಾಭದ ಪಟ್ಟಿ ಬಿಟ್ಟು ನಗದಿನ ಪಟ್ಟಿ ನೋಡಿದೆ. ವ್ಯಾಪಾರದಿಂದ ಕೈಗೆ ಬಂದ ರೊಕ್ಕ ಮೂರೂ ವರ್ಷ ಸೊನ್ನೆಗಿಂತ ಕೆಳಗಿದೆ. ಅಂದರೆ ಭರ್ಜರಿ ಲಾಭ ಮಾಡುವ ಕಂಪನಿ ಬಡ್ಡಿ ಕಟ್ಟಲಿಕ್ಕೂ ಸಾಲ ತೆಗೆಯುತ್ತಿದೆ. ಮೇಲಾಗಿ ಮಾರ್ಚಿನ ಕೊನೆಯ ವಾರ ಮಾಧವನಗರದ ಒಂದೇ ಅಂಗಡಿಗೆ ದೊಡ್ಡ ಮಾರಾಟವಾಗಿದೆ, ಹಣ ಇನ್ನೂ ಬಂದಿಲ್ಲ. ಅದರ ಜೊತೆಗೆ ತಬ್ಯೇತ್ ಗಟ್ಟಿಮುಟ್ಟಾಗಿದ್ದರೂ ನಡುವೆ ಬಿಟ್ಟುಹೋದ ಆಡಿಟರ್.

ಒಂದೊಂದಕ್ಕೂ ಪೆನ್ಸಿಲಿನಿಂದ ಗುರುತು ಹಾಕಿದೆ. ನನ್ನ ಬುದ್ಧಿಗೆ ನಾನೇ ಬೆನ್ನು ತಟ್ಟಿಕೊಂಡೆ. ಕಾಕಾರಿಗೆ ಹೇಗೆ ಕೇಳಲಿ ಎಂಬ ಯೋಚನೆ ಬಂದದ್ದು ಆಮೇಲೆ.

ಜುಲೈ ೨೪, ಗುರುವಾರ

ಕೇಳಿದೆ. ಅವರು ಸಿಟ್ಟಾಗಲಿಲ್ಲ. "ರೇಟ್ ಏರೂತನಾ ಮಾಲ ಇಟ್ಟೇನಿ, ನೇತ್ರಾ. ಬಾ, ತೋರಸ್ತೇನಿ," ಎಂದು ಹರಿಪುರಕ್ಕೆ ಕರೆದುಕೊಂಡು ಹೋದರು.

ನೆಲದೊಳಗೆ ಹಗೇವು ತೋಡಿ ಅರಿಶಿನ ಸುರಿದು, ಬಾಯಿ ಮುಚ್ಚಿ, ಮಣ್ಣು ಮೆತ್ತಿಬಿಡುವುದು ಇಲ್ಲಿಯ ಹಳೆಯ ಪದ್ಧತಿ. ಮರಾಠಿಯಲ್ಲಿ ಪೇವ ಎನ್ನುತ್ತಾರೆ. ವರ್ಷಗಟ್ಟಲೆ ಇಟ್ಟರೂ ಹುಳ ಬೀಳುವುದಿಲ್ಲ, ಬಣ್ಣ ಇನ್ನೂ ಏರುತ್ತದೆ. ಮಹಾಪೂರ ಬಂದು ಹೆಚ್ಚಿನವು ಹಾಳಾದವು, ಈಗ ಎಲ್ಲರೂ ಕೋಲ್ಡ್ ಸ್ಟೋರೇಜಿನ ಹಿಂದೆ ಬಿದ್ದಿದ್ದಾರೆ. ಕಾಕಾ ದಿನ್ನೆಯ ಮೇಲಿನ ಕೆಲವನ್ನು ಉಳಿಸಿಕೊಂಡಿದ್ದಾರೆ.

ಮಳೆ ಸಣ್ಣಗೆ ಹಿಡಿದಿತ್ತು. ಹೊಳೆಯ ಕಡೆಯಿಂದ ಮಂಜು ಎದ್ದು ಹುಣಸೆ ಮರಗಳ ಕಾಲು ಮುಚ್ಚಿತ್ತು. ಕಾವಲುಗಾರ ಧೋಂಡಿಬಾ ಪ್ರತಿ ಹಗೇವಿನ ಬಾಯಿಗೂ ಕುಂಕುಮವಿಟ್ಟಿದ್ದ. ಒದ್ದೆ ಮಣ್ಣಿನ ಮೇಲೆ ನಿಂತಾಗ ಕಾಲ ಕೆಳಗೆ ಬಂಗಾರದಂಥ ಬೇರು ಆಳದವರೆಗೂ ನಿದ್ದೆ ಮಾಡುತ್ತಿದೆ ಅನ್ನಿಸಿತು. ಅದರ ನಿದ್ದೆ ನನಗೂ ಅಂಟಿಕೊಂಡ ಹಾಗಾಯಿತು.

"ತೆಗಸ್ಲೇನು? ನೀ ಹೇಳಿದ್ರ ಈಗ ತೆಗಸ್ತೇನಿ," ಎಂದರು ಕಾಕಾ.

"ಛೆ, ಬ್ಯಾಡ್ರಿ ಕಾಕಾ. ಮಳಿಯಾಗ ಯಾರ ತೆಗೀತಾರ. ಹಸಿ ಹೊಕ್ರ ಇಡೀ ಹಗೇವ ಕೆಡ್ತೈತಿ."

ಕಾಕಾ ನಕ್ಕರು. ಪುಣೆಯಿಂದ ಬಂದ ಆಡಿಟರ್ ಆಗಿದ್ದರೆ ಹಟ ಹಿಡಿದು ತೆಗೆಸಿ, ಮಾಲು ಕೆಡಿಸಿ, ಟ್ಯಾಕ್ಸಿ ಹತ್ತಿ ಹೋಗುತ್ತಿದ್ದ. ಇಲ್ಲಿಯ ಅನ್ನ ತಿಂದು ಬೆಳೆದವಳಿಗೆ ಅಷ್ಟೂ ಗೊತ್ತಿರಬೇಡವೇ. ಮಣ್ಣು ಒಡೆದಿಲ್ಲ, ಮಾರ್ಚಿನಿಂದ ಬಾಯಿ ತೆಗೆದಿಲ್ಲ ಎಂದು ಬರೆದುಕೊಂಡು ಬಂದೆ.

ಜುಲೈ ೨೮, ಸೋಮವಾರ

ಶ್ರಾವಣದ ಮೊದಲ ಸೋಮವಾರ. ಉಪವಾಸ ಬಿಡಲು ಕಾಕಾರ ಮನೆಗೆ ನಾನೂ ಅವ್ವನೂ ಹೋಗಿದ್ದೆವು. ಹೂರಣದ ಹೋಳಿಗೆ, ಕಟ್ಟಿನ ಸಾರು. ಕಾಕಾರ ಹೆಂಡತಿ ಕಾಕೂ ಒಂದು ಹಳದಿ ಸೀರೆಯಿಟ್ಟು ನನಗೆ ಉಡಿ ತುಂಬಿದರು. ಆಡಿಟ್ ಮಾಡುವ ಮನೆಯಲ್ಲಿ ಏನೂ ತೆಗೆದುಕೊಳ್ಳಬಾರದು ಎಂದು ಹೇಳಬೇಕೆಂದುಕೊಂಡೆ. "ತಗೋ, ಮನಿ ಮಗಳಿಗಿ ಕೊಡಾಕತ್ಯಾರ," ಎಂದಳು ಅವ್ವ. ಅದೂ ಸರಿಯೇ.

ದಾಸ್ತಾನಿನ ಮುಂದಿದ್ದ ಗುರುತು ಅಳಿಸಿದೆ. ನಗದಿನದನ್ನೂ ಅಳಿಸಿದೆ. ಮಾಲು ನೆಲದೊಳಗಿದ್ದರೆ ರೊಕ್ಕ ಕೈಯಲ್ಲಿ ಹೇಗೆ ಇರುತ್ತದೆ.

ಆಗಸ್ಟ್ ೬, ಬುಧವಾರ

ಶೇರ್ ಆಟೋದಲ್ಲಿ ಒದ್ದೆ ಕೊಡೆಗಳ ನಡುವೆ ಇಕ್ಕಟ್ಟಾಗಿ ಕೂತು ಮಾಧವನಗರಕ್ಕೆ ಹೋಗಿದ್ದೆ. ಅರಿಶಿನ ಕೊಂಡ ಅಂಗಡಿ ಹಳೆಯ ಗಿರಣಿಯ ಹಿಂದಿನ ಓಣಿಯಲ್ಲಿದೆ. ಷಟರ್ ಹಾಕಿತ್ತು, ಕೀಲಿಗೆ ತುಕ್ಕು ಹಿಡಿದಿತ್ತು. ಪಕ್ಕದ ದರ್ಜಿಯನ್ನು ಕೇಳಿದೆ. ಮಾಲಕ ಆಗೊಮ್ಮೆ ಈಗೊಮ್ಮೆ ಬರುತ್ತಾನಂತೆ. ಅರಿಶಿನದ ಲಾರಿ ಬಂದದ್ದನ್ನು ತಾನು ಕಂಡಿಲ್ಲ ಎಂದ. ದರ್ಜಿ ತಲೆ ತಗ್ಗಿಸಿ ಹೊಲಿಯುತ್ತಿರುತ್ತಾನೆ, ಅವನಿಗೆ ಏನು ಕಾಣುತ್ತದೆ.

ಸಂಜೆ ಕಾಕಾ ಆ ಅಂಗಡಿಯವರ ಪತ್ರ ತೋರಿಸಿದರು. ಮಾಲು ಮುಟ್ಟಿದೆ, ಹಣ ದೀಪಾವಳಿಗೆ ಕೊಡುತ್ತೇವೆ, ಕೆಳಗೆ ಸಹಿ, ಅಂಗಡಿಯ ಶಿಕ್ಕಾ ಮುದ್ರೆ. ಕಾಗದ ಘಮ್ಮೆಂದು ಅರಿಶಿನದ ವಾಸನೆ ಹೊಡೆಯುತ್ತಿತ್ತು, ಥೇಟ್ ಕಾಕಾರ ಗೋದಾಮಿನ ವಾಸನೆ. ನಮ್ಮ ಅರಿಶಿನ ಕೊಂಡವರ ಕಾಗದಕ್ಕೆ ಆ ವಾಸನೆ ಇರಲೇಬೇಕಲ್ಲ.

ಆಗಸ್ಟ್ ೧೩, ಬುಧವಾರ

ಗಾಢ ನಿದ್ದೆ. ಕನಸಿನಲ್ಲಿ ನೆಲದ ಕೆಳಗೆ ಒಂದು ಊರಿತ್ತು. ಮನೆ, ಬೀದಿ, ಜನ ಎಲ್ಲವೂ ಹಳದಿ. ಯಾರೂ ಯಾರನ್ನೂ ಏನೂ ಕೇಳುತ್ತಿರಲಿಲ್ಲ. ಎಚ್ಚರವಾದಾಗ ಮರಳಿ ಬಂದದ್ದಕ್ಕೆ ಬೇಸರವಾಯಿತು.

ಆಗಸ್ಟ್ ೨೯, ಶುಕ್ರವಾರ

ಗಣಪತಿ ನೋಡಲು ಆರಗದಿಂದ ರೇವಪ್ಪ ಮಾವ ಬಂದಿದ್ದರು. ಅವ್ವನ ತಮ್ಮ. ಬರುವಾಗ ಯಾವತ್ತಿನ ಹಾಗೆ ಹಸಿ ಸೇಂಗಾ ತಂದಿದ್ದರು. ಅವ್ವ ಚಹಾಕ್ಕಿಟ್ಟಳು. ಮಾವ ನನ್ನ ಹತ್ತಿರ ಸರಿದು ಕೂತರು.

"ಮಾರ್ಚ್‌ದಾಗ ನಮ್ಮ ಅರಿಶಿಣ ಬಸವಪ್ರಸಾದ ಸಾವ್ಕಾರ್ರ ಹಗೇವಕ್ಕ ಹಾಕೇನಿ. ಮಾಲ ನಂದ, ಇಟ್ಕೊಂಡಿದ್ದಕ್ಕ ಅವ್ರಿಗಿ ಬಾಡಿಗಿ. ರೇಟ್ ಬಂದ ಮ್ಯಾಲ ಮಾರೂದು. ಈಗ ಊರಾಗಿನ ಮಂದೀನೂ ನಮ್ದೂ ಇಡೂಣೇನ ಅಂತ ಗಂಟ ಬಿದ್ದಾರ. ಒಮ್ಮಿ ಕಣ್ಣಿಲೆ ನೋಡೂಣಂತ ಹರಿಪುರಕ್ಕ ಹೋಗಿದ್ದೆ. ಮಳಿಯಾಗ ತೆಗ್ಯಾಂಗಿಲ್ಲಂದ್ರು. ಅದೂ ಖರೇನ ಐತಿ." ಸ್ವಲ್ಪ ತಡೆದು ಕೇಳಿದರು, "ನೀ ಅಲ್ಲಿ ಲೆಕ್ಕ ನೋಡಾಕತ್ತೀಯಂತ. ಮಾಲ ಐತಿಲ್ಲ? ನೀ ನೋಡೀಯಲ್ಲ?"

"ನೋಡೇನ್ರಿ ಮಾವಾ," ಎಂದೆ, ಸೇಂಗಾ ಸುಲಿಯುತ್ತ.

"ಅಷ್ಟ ಸಾಕ ಬಿಡು," ಎಂದು ಅವರು ಬಿಸಿ ಚಹಾ ಒಂದೇ ಗುಟುಕಿಗೆ ಕುಡಿದು, ಆರಗದ ಬಸ್ಸು ಹಿಡಿಯಲು ಎದ್ದರು.

ರೈತರು ಇಟ್ಟ ಮಾಲು ಎಂಬ ಸಾಲು ನಮ್ಮ ಲೆಕ್ಕದಲ್ಲಿ ಎಲ್ಲೂ ಇಲ್ಲ. ಹಗೇವಿನದೆಲ್ಲ ಕಂಪನಿಯ ಸ್ವಂತದ್ದು ಎಂದೇ ಇದೆ. ಗುಮಾಸ್ತರು ಮರೆತಿರಬೇಕು.

ಸೆಪ್ಟೆಂಬರ್ ೨, ಮಂಗಳವಾರ

ಗುಮಾಸ್ತರದೇ ತಪ್ಪು ಎಂದರು ಕಾಕಾ. ತಿದ್ದಿಸುತ್ತಾರಂತೆ. ಸಹಿಗೆ ಹದಿನೈದನೇ ತಾರೀಖು ಗೊತ್ತು ಮಾಡಿದ್ದಾರೆ.

ತಂಬೂರಿ ದಿನವಿಡೀ ನುಡಿಯಿತು. ನಿದ್ದೆ ಬರಲಿಲ್ಲ.

ಸೆಪ್ಟೆಂಬರ್ ೬, ಶನಿವಾರ

ಬರೆಯುವಂಥದ್ದು ಏನೂ ಇಲ್ಲ. ಮಾವನಿಗೆ ಹೇಳಿದ್ದು ಸುಳ್ಳೇನೂ ಅಲ್ಲ. ಹಗೇವು ನೋಡಿದ್ದೇನೆ, ಬಾಯಿ ನೋಡಿದ್ದೇನೆ. ಒಳಗೆ ನೋಡಿಲ್ಲ, ಅಷ್ಟೇ. ಒಂದು ಸಲ ನೋಡಿಬಿಟ್ಟರೆ ಹೇಳಿದ ಮಾತು ಪೂರ್ತಿ ಖರೆಯಾಗುತ್ತದೆ. ಮಳೆ ನಿಂತು ಹೊಳವು ಬಿದ್ದ ದಿನ ಹೋಗಿ ಬಂದರಾಯಿತು.

ಸೆಪ್ಟೆಂಬರ್ ೧೦, ಬುಧವಾರ

ಬೆಳಿಗ್ಗೆ ಮಳೆ ನಿಂತು ಎಳೆ ಬಿಸಿಲು ಬಿತ್ತು. ಕಾಕಾರಿಗೆ ಹೇಳದೆ ಹರಿಪುರಕ್ಕೆ ಹೋದೆ. ಹೇಳಿದರೆ ನನಗೆ ತಮ್ಮ ಮೇಲೆ ನಂಬಿಕೆಯಿಲ್ಲ ಎಂದು ಅವರಿಗೆ ಅನ್ನಿಸೀತು ಎಂದು ಹೇಳಲಿಲ್ಲ. ಧೋಂಡಿಬಾ ನನ್ನನ್ನು ಮನೆಯವಳೆಂದೇ ತಿಳಿದಿದ್ದಾನೆ. "ಉಘಡಾಯಚಂ ಕಾ, ತಾಯಿ?" ಎಂದು ಒಮ್ಮೆ ಕೇಳಿದ. ಹೂಂ, ತೆಗಿ ಎಂದೆ. ಅವನು ಯುಗಾದಿಯ ನಂತರ ಕೆಲಸಕ್ಕೆ ಸೇರಿದವನು, ಅಷ್ಟರಲ್ಲಿ ಎಲ್ಲ ಹಗೇವುಗಳ ಬಾಯಿ ಮುಚ್ಚಿತ್ತು.

ರಸ್ತೆಯ ಬದಿಯದನ್ನು ಮೊದಲು ತೆರೆದ. ಮುಚ್ಚಿದ ಹಗೇವಿನೊಳಗೆ ಗಾಳಿ ಕೆಟ್ಟಿರುತ್ತದೆ, ಅವಸರಪಟ್ಟು ಇಳಿದವರು ಮೇಲೆ ಬಂದಿಲ್ಲ. ಅದಕ್ಕೇ ಮೊದಲು ಹಗ್ಗ ಕಟ್ಟಿ ಕಂದೀಲು ಬಿಡುತ್ತಾರೆ. ಧೋಂಡಿಬಾ ಬಿಟ್ಟ. ಒಂದು ಮಾರು ಇಳಿಯುವುದರೊಳಗೆ ದೀಪ ಕುಗ್ಗಿ ಕುಗ್ಗಿ ಆರಿಹೋಯಿತು. ಕೆಳಗೆ ಕತ್ತಲಲ್ಲಿ ಅರಿಶಿನ ಉಸಿರಾಡಿ ಗಾಳಿಯನ್ನೆಲ್ಲ ತಿಂದಿತ್ತು. ಬಿಸಿ, ಘಾಟು ವಾಸನೆ ಮುಖಕ್ಕೆ ಬಡಿಯಿತು. ನನಗೆ ನಗು ಬಂತು, ನಗುತ್ತ ನಗುತ್ತ ಕಣ್ಣಲ್ಲಿ ನೀರೂ ಬಂತು. ಕಾಕಾರ ಬಗ್ಗೆ ಏನೇನು ಯೋಚಿಸಿದ್ದೆನೋ ಎಲ್ಲಕ್ಕೂ ಮನಸ್ಸಿನಲ್ಲೇ ಕ್ಷಮೆ ಕೇಳಿದೆ.

ಧೋಂಡಿಬಾ ಮುಚ್ಚಲು ಬಗ್ಗಿದ. ಇನ್ನೊಂದು ತೆಗಿ ಎಂದೆ. ಯಾಕೆ ಹಾಗೆಂದೆನೋ ಗೊತ್ತಿಲ್ಲ. ಸಮಾಧಾನವನ್ನು ಇನ್ನೊಮ್ಮೆ ಸವಿಯುವ ಆಸೆ ಇದ್ದಿರಬೇಕು.

ಎರಡನೆಯದು ಹುಣಸೆ ಮರದ ಹಿಂದಿನದು. ಕಂದೀಲು ಇಳಿಯಿತು. ಒಂದು ಮಾರಾಯಿತು, ಉರಿಯುತ್ತಿತ್ತು. ಇನ್ನೂ ಇಳಿಯಿತು, ಉರಿಯುತ್ತಲೇ ಇತ್ತು. ಆರಲಿ ದೇವರೇ, ಆರಲಿ ಎಂದು ಬೇಡಿಕೊಂಡೆ. ಹಗ್ಗ ಮುಗಿಯುತ್ತ ಬಂದಾಗ ದೀಪ ತಳ ಮುಟ್ಟಿ ನಿಂತು, ಇಡೀ ಹಗೇವನ್ನು ಬೆಳಗಿತು. ಗೋಡೆಗೆಲ್ಲ ಹಿಂದಿನ ವರ್ಷಗಳ ಹಳದಿ ಹತ್ತಿತ್ತು. ತಳಕ್ಕೆ ಹಾಸಿದ ಕಬ್ಬಿನ ಒಣಗರಿಯ ರವದಿ ಕಾಣುತ್ತಿತ್ತು. ಅಷ್ಟೇ, ಬೇರೇನೂ ಇರಲಿಲ್ಲ. ಬಹಳ ಚಂದ ಕಾಣುತ್ತಿತ್ತು ಎಂದು ಬರೆಯಲು ನಾಚಿಕೆಯಾಗುತ್ತದೆ, ಆದರೆ ಚಂದವೇ ಇತ್ತು. ಇಳಿದು ಹೋಗಿ ಮಲಗಿಬಿಡೋಣ ಅನ್ನಿಸಿತು.

ಧೋಂಡಿಬಾ ಹಸಿ ನೆಲದ ಮೇಲೆ ಕುಸಿದು ಕೂತ. "ಮೀ ಹ್ಯಾಚ್ಯಾವರಚ್ ಝೋಪತೋ, ತಾಯಿ," ಎಂದ. ಇದರ ಮೇಲೆಯೇ ಮಲಗುತ್ತಿದ್ದನಂತೆ, ಕಳ್ಳರು ಬಂದಾರೆಂದು.

ಉಳಿದವನ್ನೂ ತೆರೆಸಿದೆ. ಎಲ್ಲದರಲ್ಲೂ ದೀಪ ಉರಿಯಿತು.

ಸೆಪ್ಟೆಂಬರ್ ೧೧, ಗುರುವಾರ

ಕಾಕಾರ ಮನೆಗೆ ಹೋದೆ. ಧೋಂಡಿಬಾ ಮೊದಲೇ ಹೇಳಿದ್ದ. ಅವರು ಜೋಕಾಲಿಯಲ್ಲಿ ಕೂತಿದ್ದರು, ನನಗೂ ಜಾಗ ಬಿಟ್ಟರು.

"ಮೂರ ವರ್ಷದ ಹಿಂದ ಬಾಳ ತುಟ್ಟಿಗಿ ಕೊಂಡಿದ್ದೆ ನೇತ್ರಾ. ರೇಟ್ ಬಿತ್ತು. ಲುಕ್ಸಾನ್ ತೋರಿಸಿದ್ರ ಬ್ಯಾಂಕ್ ಕೈ ಬಿಡ್ತಿತ್ತು. ಮಾರಿ ಹೋದ ಮಾಲ ಇನ್ನೂ ಹಗೇವನ್ಯಾಗ ಐತಿ ಅಂತ ಬರದೆ. ಮುಂದಿನ ವರ್ಷ ಅದನ್ನ ಮುಚ್ಚಾಕ ಇನ್ನಷ್ಟ ಬರದೆ. ಮಾಧವನಗರದ ಅಂಗಡೀನೂ ನಂದ."

"ನಮ್ಮ ಮಾವನ ಮಾಲ್ರಿ?"

"ಮಾರೇನಿ." ಜೋಕಾಲಿ ನಿಂತಿತು. "ತಿರುಗಿ ಕೊಡ್ತೇನವಾ. ನೀ ಸಹಿ ಮಾಡು, ಬ್ಯಾಂಕ್ ಸಾಲ ಹೆಚ್ಚ ಮಾಡ್ತೈತಿ. ಆರಗದ ಮಂದಿ ಚೀಲ ಬರಾಕತ್ತಾವಲ್ಲ, ಅದರಾಗ ಮೊದಲ ನಿಮ್ಮ ಮಾವಂದು ತೀರಸ್ತೇನಿ. ಸಹಿ ಮಾಡದಿದ್ರ ಬ್ಯಾಂಕಿನವ್ರು ಎಲ್ಲಾ ಜಪ್ತ ಮಾಡ್ತಾರ, ನಿಮ್ಮ ಮಾವಗ ಒಂದ ಕೊಂಬೂ ಸಿಗೂದುಲ್ಲ."

ಅವರು ಹೆದರಿಸುತ್ತಿರಲಿಲ್ಲ, ಇದ್ದದ್ದನ್ನು ಹೇಳುತ್ತಿದ್ದರು. ನನಗೆ ಅವರ ಮೇಲೆ ಇವತ್ತಿಗೂ ಪ್ರೀತಿ ಇದೆ. "ಮಂದೀ ಚೀಲ ತಗೊಂಡು ನಮ್ಮ ಮಾವಗ ಕೊಡೂದು ನನ್ನಿಂದ ಆಗೂದುಲ್ರಿ ಕಾಕಾ. ಇದ್ದದ್ದು ಇದ್ದಂಗ ಬರೀತೇನಿ," ಎಂದೆ. ಕಾಕೂ ಒಳಗಿನಿಂದ ಊಟಕ್ಕೆ ಕರೆದರು. ಉಣ್ಣದೆ ಎದ್ದು ಬಂದೆ.

ಅವ್ವನಿಗೆ ಹೇಳಿದೆ. ಅವಳು ಹಳದಿ ಸೀರೆಯನ್ನು ಕಪಾಟಿನಿಂದ ತೆಗೆದು ಚೀಲಕ್ಕೆ ಹಾಕಿದಳು.

ಸೆಪ್ಟೆಂಬರ್ ೧೩, ಶನಿವಾರ

ನಿನ್ನೆ ವರದಿ ಬರೆದು, ಸೀರೆಯ ಜೊತೆ ಅವರ ಆಫೀಸಿಗೆ ಮುಟ್ಟಿಸಿದೆ. ಅದು ಇನ್ನು ಯಾರ ಯಾರ ಮೇಜಿಗೆ ಹೋಗಬೇಕೋ ಹೋಗುತ್ತದೆ. ಅಷ್ಟರೊಳಗೆ ಆರಗದ ಚೀಲಗಳು ಹರಿಪುರ ಮುಟ್ಟಿರುತ್ತವೆ. ಕಂಪನಿಯ ಒಳಗಿನ ಮಾತನ್ನು ಆಡಿಟರ್ ಹೊರಗೆ ಆಡಬಾರದು, ಆಡಿದರೆ ಸನ್ನದು ಹೋಗಬಹುದು. ನೇಮಿನಾಥ ಸರ್ ಆ ಕಟ್ಟಳೆಯ ಹಿಂದೆಯೇ ಕೂತುಕೊಂಡರು. ನಾನು ಬೆಳಿಗ್ಗೆ ಆರಗದ ಬಸ್ಸು ಹತ್ತಿದೆ.

ಮಾವನ ಮನೆಯ ಮುಂದೆ ಎರಡು ಟ್ರೇಲರ್ ತುಂಬಿ ನಿಂತಿದ್ದವು. ಹಗ್ಗ ಬಿಗಿಯುತ್ತಿದ್ದರು. ನನ್ನನ್ನು ಕಂಡು ಮಾವನ ಮುಖ ಅರಳಿತು. "ಬಂದಳ ನೋಡ್ರಿ ನಮ್ಮ ಆಡಿಟರು," ಎಂದು ಎಲ್ಲರಿಗೂ ಹೇಳಿದರು.

ಬಸ್ಸಿನಲ್ಲಿ ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಒಂದೂ ನೆನಪಾಗಲಿಲ್ಲ.

"ಮಾವಾ, ಕಳಸಬ್ಯಾಡ್ರಿ. ಹಗೇವ ಖಾಲಿ ಅದಾವ. ನಿಮ್ಮ ಮಾಲ ಮಾರ್‍ಯಾರ."

ಹಗ್ಗ ಎಳೆಯುತ್ತಿದ್ದವರು ನಿಂತರು. ಮಾವ ನನ್ನನ್ನೇ ನೋಡಿದರು. "ಅವತ್ತ ನೋಡೇನಿ ಅಂದಿ."

"ನೋಡಿರಲಿಲ್ರಿ."

ಬೈದಿದ್ದರೆ ಹಗುರಾಗುತ್ತಿತ್ತು. ಅವರು ಕಟ್ಟೆಯ ಮೇಲೆ ಕೂತು, ಟೊಪ್ಪಿಗೆ ತೆಗೆದು ತೊಡೆಯ ಮೇಲಿಟ್ಟುಕೊಂಡರು. ಅತ್ತೆ ಬಾಗಿಲಲ್ಲೇ ನಿಂತಿದ್ದರು. ಯಾರೋ ನಿಧಾನಕ್ಕೆ ಹಗ್ಗ ಸಡಿಲಿಸತೊಡಗಿದರು, ಚೀಲಗಳು ಒಂದೊಂದಾಗಿ ಕೆಳಗೆ ಇಳಿದವು. ಆಮೇಲೆ ಮಾವ ಎದ್ದು ಬಂದು ಒಂದು ಚೀಲದ ಬಾಯಿ ಬಿಚ್ಚಿದರು.

"ಇದು ಅಪ್ಪಣ್ಣಂದು. ಈಗ ಕೈ ಹಾಕಿ ನೋಡು."

ಹಾಕಿದೆ. ಒಣ ಕೊಂಬುಗಳು ಚುಚ್ಚಿದವು. ಮೊಣಕೈವರೆಗೆ ಇಳಿಸಿ, ತಳ ಮುಟ್ಟಿ ತೆಗೆದೆ. ಅಪ್ಪಣ್ಣ ಎದುರಿಗೇ ನಿಂತಿದ್ದರು.

"ಇದು ಅಮಿತಂದು."

ಅದಕ್ಕೂ ಹಾಕಿದೆ. ಮಾವ ಬಿಚ್ಚುತ್ತ ಹೋದರು, ಹೆಸರು ಹೇಳುತ್ತ ಹೋದರು. ಪ್ರತಿಯೊಬ್ಬರೂ ತಮ್ಮ ಚೀಲದ ಸರದಿ ಬಂದಾಗ ಹತ್ತಿರ ಬಂದು ನಿಂತರು. ಇಷ್ಟು ಹೆಸರುಗಳಲ್ಲಿ ಮಾವನದೊಂದೂ ಬರಲಿಲ್ಲ.

ಎರಡನೇ ಟ್ರೇಲರ್ ಉಳಿದಿದ್ದಾಗ ಮಿರಜಿಗೆ ಹೋಗುವ ಬಸ್ಸು ಬಂತೆಂದು ಅತ್ತೆ ಹೇಳಿದರು. ಮಾವ ಕೈ ತಡೆದು ನನ್ನ ಕಡೆ ನೋಡಿದರು. ಮುಂದಿನ ಚೀಲವನ್ನು ಎಳೆದುಕೊಂಡು ಅದರ ಬಾಯಿ ನಾನೇ ಬಿಚ್ಚಿದೆ. "ಇದು ಯಾರದ್ರಿ, ಮಾವಾ?" ಎಂದು ಕೇಳಿದೆ.